ನದಿಗೆ ಬೆನ್ನು ಮಾಡಿದ ಸಾರಂಗ

ಹನ್ನೊಂದನೆಯ ಕಂತು

"ಬಲ ಅಂದ್ರೆ ಯಾರ ಬಲ ಪಾವನಾ?"

ಪಾವನಾ ಜರ್ಮನಿಯಿಂದ ಬಂದಿದ್ದ ಎರಡು ಹಾಳೆಗಳ ಕಾಗದವನ್ನು ಮೂಗಿನ ಹತ್ತಿರ ಹಿಡಿದು, ತುಟಿಯಲ್ಲೇ ಇನ್ನೊಂದು ಸಲ ಓದಿಕೊಂಡಳು. ಅವಳಿಗೆ ಸ್ವೀಡನ್ನಿನ ವೆಸ್ಟೆರಾಸ್ ಊರಿನ ಗ್ರಂಥಾಲಯದಲ್ಲಿ ಕೆಲಸ. ಜರ್ಮನ್ ಕಲಿತದ್ದು ಬೆಂಗಳೂರಿನಲ್ಲಿ, ಮದುವೆಗೆ ಮುಂಚೆ, ಸುಮ್ಮನೆ. ಶನಿವಾರದ ಫಿಕಾ, ಅಂದರೆ ಕಾಫಿ ವಿರಾಮ, ಮುಗಿಸಿ ಸಿಬ್ಬಂದಿಯ ಕೋಣೆಯಿಂದ ಎಲ್ಲರೂ ಎದ್ದುಹೋಗಿದ್ದರು. ಮೇಜಿನ ಮೇಲೆ ಬನ್ನಿನ ಪುಡಿ ಉಳಿದಿತ್ತು. ರಂಜಾನ್ ಉಪವಾಸದ ರೋಜಾ ಹಿಡಿದಿದ್ದ ಅರ್ಜುಮಂದಳ ಮುಂದೆ ಮಾತ್ರ ಆ ಕಾಗದದ ಜೊತೆ ಬಂದಿದ್ದ, ಹೆಬ್ಬೆರಳ ಉಗುರಿನಷ್ಟರ ಗುರಾಣಿ ಆಕಾರದ ಬ್ಯಾಡ್ಜ್ ಒಂದಿತ್ತು.

ಅದು ಹಿರ್ಷ್‌ಮೋರ್ ಜಿಲ್ಲೆಯ ಲಾಂಛನ. ಹೋದ ಆಗಸ್ಟಿನಲ್ಲಿ ಆ ಜಿಲ್ಲೆಯ ಐವತ್ತನೇ ವರ್ಷದ ಉತ್ಸವಕ್ಕೆಂದು ಹೊರಟ ಅವಳ ಗಂಡ ಶೋಯೆಬ್, ಏಳು ತಿಂಗಳಾದರೂ ವಾಪಸು ಬಂದಿರಲಿಲ್ಲ.

"ಗುರಾಣಿ ಹಿಡ್ಕೊಂಡು ಹಿಂದೆ ನಿಂತಿರ್ತಾನಲ್ಲ, ಅವನ ಬಲ," ಎಂದಳು ಪಾವನಾ ಕೊನೆಗೆ. "ನೋಡೋರ ಬಲ ಅಲ್ಲ ಕಣೆ. ಲಾಂಛನದ ಶಾಸ್ತ್ರದಲ್ಲಿ ಯಾವಾಗ್ಲೂ ಹಾಗೇ ಅಂತೆ. ಗುರಾಣಿ ಹಿಂದೆ ಒಬ್ಬ ಇದ್ದಾನೆ ಅಂತಾನೇ ಲೆಕ್ಕ. ಅವನ ಬಲಗೈ ಕಡೆ ಇರೋದು, ಎದುರಿಗೆ ನಿಂತಿರೋ ನಮಗೆ ಎಡ."

ಗುರಾಣಿಯ ಹಿಂದೆ ಒಬ್ಬನಿದ್ದಾನೆ. ಅರ್ಜುಮಂದ್ ಬ್ಯಾಡ್ಜನ್ನು ಪಾವನಾಳ ಕಡೆ ತಳ್ಳಿದಳು.

"ಈ ಚಿತ್ರಗಳಿಗೆ ಅರ್ಥ ಏನಂತೆ?"

"ದೊಡ್ಡ ಪುರಾಣಾನೇ ಇದೆ. ನನ್ನ ಜಾತಕಾನೂ ಇಷ್ಟುದ್ದ ಬರೆದಿರ್ಲಿಲ್ಲ ನಮ್ಮ ಜೋಯಿಸರು." ಪಾವನಾ ಪೆನ್ನಿನ ತುದಿಯಿಂದ ಬ್ಯಾಡ್ಜನ್ನು ಮುಟ್ಟಿದಳು. "ಐವತ್ತು ವರ್ಷದ ಹಿಂದೆ ಅಲ್ಲಿ ಎರಡು ಸಣ್ಣ ಜಿಲ್ಲೆ ಸೇರಿಸಿ ಒಂದು ಮಾಡಿದ್ರಂತೆ. ನದಿ ಈ ಕಡೆ ಕಾಡಿನೋರು, ಆ ಕಡೆ ಗಿರಣಿಯೋರು. ಒಬ್ಬರನ್ನ ಕಂಡ್ರೆ ಒಬ್ಬರಿಗೆ ಆಗ್ತಿರ್ಲಿಲ್ಲ. ಕಾಡಿನೋರ ಹಳೇ ಲಾಂಛನದಿಂದ ಈ ಸಾರಂಗ ಬಂತು, ನೀಲಿ ಮೇಲೆ ಚಿನ್ನ. ಗಿರಣಿಯೋರ ಕಡೆಯಿಂದ ನೀರಿನ ಚಕ್ರ, ಕೆಂಪಿನ ಮೇಲೆ ಬೆಳ್ಳಿ. ಮಧ್ಯೆ ಅಂಕುಡೊಂಕಾಗಿ ಇಳಿದಿದೆಯಲ್ಲ ಬಿಳಿ ಪಟ್ಟಿ, ಅದು ನದಿ. ಬಲಗಡೆ ಜಾಗಕ್ಕೆ ಮರ್ಯಾದೆ ಜಾಸ್ತಿ. ಅದು ಯಾರಿಗೆ ಅಂತ ಎರಡು ವರ್ಷ ಜಗಳ ಆಡಿದಾರೆ. ಕಾಡಿನೋರ ಕೋಟೆ ಹಳೇದು ಅಂತ ಸಾರಂಗಕ್ಕೆ ಸಿಕ್ತು."

ಅರ್ಜುಮಂದ್ ಬ್ಯಾಡ್ಜನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಸಾರಂಗ ಅವಳ ಎಡಕ್ಕಿತ್ತು, ಎಡಕ್ಕೇ ಮುಖ ಮಾಡಿತ್ತು. ನದಿಗೂ ನದಿಯಾಚೆಯ ಚಕ್ರಕ್ಕೂ ಬೆನ್ನು.

ಆ ಬೆನ್ನು ಅವಳಿಗೆ ಬಾಯಿಪಾಠವಾಗಿತ್ತು. ಗಂಡನ ಆಫೀಸಿನ ಹಿರಿಯ ರಾಜಶೇಖರ್ ಅವರ ಮನೆಯ ಗೋಡೆಯ ಮೇಲೆ ಇದೇ ಲಾಂಛನದ ಮರದ ಗುರಾಣಿಯೊಂದು ತೂಗುತ್ತಿತ್ತು. ಶೋಯೆಬ್‌ನ ಜೊತೆ ಉತ್ಸವಕ್ಕೆ ಹೋದವರು ಅವರೇ. ಅಲ್ಲಿ ಬಂದವರಿಗೆಲ್ಲ ಒಂದೊಂದು ಗುರಾಣಿ ಕೊಟ್ಟರೆಂದೂ, ಶೋಯೆಬ್ ತನ್ನದನ್ನು ಚೀಲಕ್ಕೆ ಹಾಕಿಕೊಂಡು ನದಿಯ ದಂಡೆ ಹಿಡಿದು ನಡೆದುಹೋದವನು ಮರಳಲಿಲ್ಲವೆಂದೂ ಪೊಲೀಸರಿಗೆ ಹೇಳಿಕೆ ಕೊಟ್ಟವರೂ ಅವರೇ. ಪ್ರತಿ ಶನಿವಾರ ಅವಳು ಆ ಮನೆಗೆ ಹೋಗಿ ಗುರಾಣಿಯ ಮುಂದೆ ನಿಲ್ಲುತ್ತಿದ್ದಳು. ಯಾರೂ ನೋಡದಾಗ ಮುಟ್ಟುತ್ತಿದ್ದಳು. ಗಂಡನ ಪಕ್ಕದಲ್ಲಿ ಕೊನೆಯ ಸಲ ಇದ್ದ ವಸ್ತು ಅದು. ಮಗಳಿಗೂ ಅಂಥದ್ದೊಂದು ಇರಲಿ ಎಂದು ಜಿಲ್ಲಾ ಕಚೇರಿಗೆ ಬರೆದಿದ್ದಳು. ಅದಕ್ಕೆ ಬಂದ ಉತ್ತರ ಈ ಕಾಗದ.

"ಎರಡನೇ ಹಾಳೆ ಓದ್ಲಾ?" ಪಾವನಾಳ ದನಿ ಬದಲಾಗಿತ್ತು. "ಅರ್ಜು, ಸ್ವಲ್ಪ ಗಮನ ಇಟ್ಟು ಕೇಳು."

ಕಚೇರಿಯ ಹೆಂಗಸೊಬ್ಬರು ಬರೆದಿದ್ದರು. ನೀವು ಕೇಳಿದ ಮರದ ಗುರಾಣಿ ಕಳಿಸಲಾಗುತ್ತಿಲ್ಲ, ಕ್ಷಮಿಸಿ. ಉತ್ಸವಕ್ಕೆ ಮಾಡಿಸಿದ ಗುರಾಣಿಗಳು ಒಂದೂ ಬಿಡದೆ ಎಲ್ಲವೂ ತಪ್ಪಾಗಿದ್ದವು. ಬಡಗಿಗೆ ನಾವು ಬರಹದಲ್ಲಿ ಕೊಟ್ಟ ವಿವರವನ್ನು ಆತ ನೋಡುವವರ ಬಲವೆಂದು ತಿಳಿದು, ಸಾರಂಗವನ್ನೂ ಚಕ್ರವನ್ನೂ ಅದಲುಬದಲು ಮಾಡಿಬಿಟ್ಟಿದ್ದ. ಹಂಚುವ ದಿನದ ಬೆಳಿಗ್ಗೆಯಷ್ಟೇ ನಮಗೆ ಗೊತ್ತಾದದ್ದು. ಜನ ಬಂದು ನಿಂತಿದ್ದರು, ಹಾಗೆಯೇ ಹಂಚಿದೆವು. ಉಳಿದವನ್ನು ಸುಟ್ಟೆವು. ನಿಜ ಹೇಳಬೇಕೆಂದರೆ ನಮ್ಮಲ್ಲಿ ಕೆಲವರಿಗೆ ಆ ತಪ್ಪೇ ಇಷ್ಟವಾಗಿತ್ತು. ಐವತ್ತು ವರ್ಷದಲ್ಲಿ ಮೊದಲ ಸಲ ಸಾರಂಗ ನದಿಯಾಚೆ ನೋಡುತ್ತಿತ್ತು.

ಹಾಳೆಯ ಹಿಂದೆ ಒಂದು ಫೋಟೋ ಪಿನ್ ಮಾಡಿದ್ದರು. ಹೊಳೆಯ ದಂಡೆಯ ಮೇಲೆ ಹತ್ತಾರು ಮಂದಿ, ಎಲ್ಲರ ಕೈಯಲ್ಲೂ ಗುರಾಣಿ. ಒಂದೊಂದರಲ್ಲೂ ಸಾರಂಗ ಬಲಕ್ಕಿತ್ತು, ನದಿಯ ಕಡೆ ಕತ್ತು ಚಾಚಿತ್ತು.

ಅರ್ಜುಮಂದ್ ಫೋಟೋವನ್ನು ಬಹಳ ಹೊತ್ತು ನೋಡಿದಳು. ಶೋಯೆಬ್‌ನ ಮುಖ ಅದರಲ್ಲಿ ಇದೆಯೇ ಎಂದು ಹುಡುಕಿದ್ದು ಮೊದಲು. ಆಮೇಲೆ ನಿಧಾನವಾಗಿ, ಕಾಲಿನಿಂದ ಮೇಲಕ್ಕೆ ತಣ್ಣೀರು ಏರಿದ ಹಾಗೆ, ಇನ್ನೊಂದು ತಿಳಿಯಿತು.

"ಸರ್ ಮನೇಲಿರೋ ಗುರಾಣಿ ಸರಿಯಾಗಿದೆ," ಎಂದಳು.

"ಹೂಂ."

"ಅವತ್ತು ಅಲ್ಲಿ ಸರಿಯಾದದ್ದು ಒಂದೂ ಇರ್ಲಿಲ್ಲ."

ಪಾವನಾ ಕಾಗದ ಮಡಿಸಿದಳು. "ಇಂಟರ್ನೆಟ್‌ನಲ್ಲಿ ಹುಡುಕಿದ್ರೆ ಸರಿಯಾದದ್ದೇ ಸಿಗುತ್ತೆ. ಅದನ್ನ ನೋಡಿ ಯಾರೋ ಮಾಡಿದಾರೆ. ಪೊಲೀಸರಿಗೆ ಫೋನ್ ಮಾಡೋಣ, ಈಗ್ಲೇ."

"ಏನಂತ? ಸಾರಂಗ ಬೆನ್ನು ತಿರುಗಿಸಿದೆ ಅಂತಾನಾ?" ಅರ್ಜುಮಂದ್ ಕೋಟು ತೊಟ್ಟಳು. "ಜರ್ಮನಿ ಪೊಲೀಸರು ಬರೋ ಶುಕ್ರವಾರ ಫೈಲ್ ಮುಚ್ತಾರೆ. ಇಲ್ಲಿಯೋರು, ಕಳೆದಿದ್ದು ಅಲ್ಲಿ ಅಂತ ಇಲ್ಲಿ ಹುಡುಕೇ ಇಲ್ಲ. ಅವನು ಅಲ್ಲಿಗೆ ಹೋಗೇ ಇಲ್ಲ ಅಂದ್ರೆ ಪಾವನಾ, ಏಳು ತಿಂಗಳಿಂದ ಅವನನ್ನ ಯಾರೂ ಹುಡುಕಿಲ್ಲ."

ಮಕ್ಕಳ ವಿಭಾಗದಲ್ಲಿ ಐದು ವರ್ಷದ ಮರಿಯಮ್ ನೆಲದ ಮೇಲೆ ಮಲಗಿ ಪುಸ್ತಕ ನೋಡುತ್ತಿದ್ದಳು. ತಾಯಿ ಹೊರಟಿದ್ದನ್ನು ಕಂಡು ಸ್ವೀಡಿಷ್‌ನಲ್ಲಿ ಏನೋ ಕೇಳಿದಳು. ಈಗೀಗ ಅವಳಿಗೆ ಎಲ್ಲವೂ ಶಿಶುವಿಹಾರವಾದ ಡಾಗಿಸ್‌ನಲ್ಲಿ ಕಲಿತ ಭಾಷೆಯಲ್ಲೇ ಬರುತ್ತಿತ್ತು. ಪಪ್ಪಾ ಎಂಬ ಒಂದು ಮಾತು ಮಾತ್ರ ಎರಡು ಭಾಷೆಯಲ್ಲೂ ಒಂದೇ.

"ಇಲ್ಲೇ ಇರ್ಲಿ, ನಾನು ನೋಡ್ಕೋತೀನಿ," ಎಂದಳು ಪಾವನಾ. "ನೀನು ಒಬ್ಬಳೇ ಅವರ ಮನೆಗೆ ಹೋಗೋದು ನಂಗೆ ಸರಿ ಕಾಣ್ತಿಲ್ಲ."

"ಊಟ ಹಾಕಿದ ಮನೆ ಕಣೆ ಅದು. ಏನ್ ಮಾಡ್ತಾರೆ?"

ಅದು ನಿಜವೂ ಆಗಿತ್ತು, ಅದೇ ಕಷ್ಟವೂ ಆಗಿತ್ತು. ಊರಿಗೆ ಹೊಸದಾಗಿ ಬಂದ ಕನ್ನಡದವರು ಮೊದಲು ಹೋಗುತ್ತಿದ್ದದ್ದು ರಾಜಶೇಖರ್ ಅವರ ಮನೆಗೆ. ಪರ್ಸೊನ್‌ನುಮ್ಮೆರ್ ಎಂಬ ಗುರುತಿನ ಸಂಖ್ಯೆಗೆ ಅರ್ಜಿ ತುಂಬುತ್ತಿದ್ದದ್ದು ಅವರ ಊಟದ ಮೇಜಿನ ಮೇಲೆ, ಅವರ ಹೆಂಡತಿ ಶಾರದಕ್ಕ ಬಡಿಸಿದ ತಟ್ಟೆಯ ಪಕ್ಕದಲ್ಲೇ ಕಾಗದ ಹರಡಿಕೊಂಡು. ಶೋಯೆಬ್ ಮತ್ತು ಅವಳೂ ಅಲ್ಲೇ ತುಂಬಿದ್ದರು. ಶೋಯೆಬ್ ಆಫೀಸಿನಲ್ಲಿ ಅವರ ಕೈಕೆಳಗಿನ ಎಂಜಿನಿಯರ್. ಇಬ್ಬರೂ ಸೇರಿ ಮಾಡಿದ ಕಂಟ್ರೋಲ್ ಪ್ಯಾನಲ್ ಹಿರ್ಷ್‌ಮೋರ್‌ನ ಹಳೆಯ ಗಿರಣಿಯಲ್ಲಿ ಕರೆಂಟು ಹುಟ್ಟಿಸುವ ಯಂತ್ರ ನಡೆಸುತ್ತಿತ್ತು. ಉತ್ಸವದ ಆಮಂತ್ರಣ ಬಂದದ್ದು ಅದಕ್ಕೇ.

ದಾರಿಯ ಪಕ್ಕದ ಸರೋವರದ ಮೇಲಿನ ಮಂಜುಗಡ್ಡೆ ದಡದ ಹತ್ತಿರ ಬಿಟ್ಟುಕೊಂಡು, ನೀರು ಕಪ್ಪಗೆ ಕಾಣುತ್ತಿತ್ತು. ಈ ಏಳು ತಿಂಗಳಲ್ಲಿ ಅವಳು ನದಿಯ ಮೇಲೆ ಸಂಶಯಪಟ್ಟಿದ್ದಳು, ಕಾಣದ ಯಾವುದೋ ಹೆಂಗಸಿನ ಮೇಲೆ ಪಟ್ಟಿದ್ದಳು, ಹೊರಡುವ ಹಿಂದಿನ ದಿನ ತಾನಾಡಿದ ಒಂದು ಬಿರುಸು ಮಾತಿನ ಮೇಲೂ. ಈಗ ತಟ್ಟಿದ ಈ ಬಾಗಿಲಿನ ಮೇಲೆ ಮಾತ್ರ ಇಲ್ಲ.

"ಬಾಮ್ಮಾ ಅರ್ಜು, ಬಾ." ಬಾಗಿಲು ತೆರೆದ ರಾಜಶೇಖರ್ ಒಂದು ಕೈಯಲ್ಲಿ ಒರೆಸುವ ಬಟ್ಟೆ ಹಿಡಿದಿದ್ದರು. "ಎಲ್ಲಿ ನಮ್ಮ ಚೋಟುಮೆಣಸಿನಕಾಯಿ?"

"ಗ್ರಂಥಾಲಯದಲ್ಲಿದಾಳೆ ಸರ್."

ಶಾರದಕ್ಕ ಅಡಿಗೆಮನೆಯಿಂದ ಲೋಟ ಹಿಡಿದೇ ಬಂದು, ಅರ್ಧಕ್ಕೆ ನಿಂತರು. "ಅಯ್ಯೋ, ರೋಜಾ ಅಲ್ವಾ ನಿಂಗೆ. ನಂಗೊಂದು ನೆನಪೇ ಇರಲ್ಲ. ಬಿಡೋ ಹೊತ್ತಿಗೆ ಪಾಯಸ ಕಟ್ಟಿಕೊಡ್ತೀನಿ, ತಗೊಂಡ್ ಹೋಗು." ಆದರೆ ಅವಳ ಕಣ್ಣನ್ನು ನೋಡಲಿಲ್ಲ. ಒಂದು ತಿಂಗಳಿಂದ ಶಾರದಕ್ಕ ಅವಳ ಕಣ್ಣನ್ನು ನೋಡುತ್ತಿರಲಿಲ್ಲ. ಮರುಕವಿರಬೇಕು ಎಂದುಕೊಂಡಿದ್ದಳು.

ಗುರಾಣಿ ಸೋಫಾದ ಮೇಲಿನ ಗೋಡೆಯಲ್ಲಿತ್ತು. ಸಾರಂಗ ಎಡಕ್ಕೆ, ಬೆನ್ನು ನದಿಗೆ.

"ಸರ್, ಇನ್ನೊಂದ್ಸಲ ಹೇಳಿ."

ರಾಜಶೇಖರ್ ಕೂತರು. ಇದು ಪ್ರತಿ ಶನಿವಾರದ ಪದ್ಧತಿ. ಅವಳು ಕೇಳುತ್ತಿದ್ದಳು, ಅವರು ಹೇಳುತ್ತಿದ್ದರು. ಪೊಲೀಸರಿಗೆ ಅದು ಹೇಳಿಕೆ. ಅವಳಿಗೆ ಗಂಡನ ಜೊತೆ ಇನ್ನೊಂದು ಹತ್ತು ನಿಮಿಷ.

"ಏನ್ ಹೇಳ್ಲಮ್ಮಾ, ಎಲ್ಲಾ ಹೇಳಿದೀನಿ. ಬಿಸಿಲಿತ್ತು. ಗಿರಣಿ ನೋಡಿದ್ವಿ, ನಮ್ಮ ಪ್ಯಾನಲ್ ನೋಡಿದ್ವಿ. ಅವನಿಗೆ ಖುಷಿಯೋ ಖುಷಿ. ಆಮೇಲೆ ಅಂಗಳದಲ್ಲಿ ಎಲ್ಲರಿಗೂ ಗುರಾಣಿ ಹಂಚಿದ್ರು. ನಂಗೊಂದು, ಅವನಿಗೊಂದು. ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ‘ಮರಿಯಮ್‌ಗೆ ಆಗುತ್ತೆ ಸರ್’ ಅಂದ."

ಆ ವಾಕ್ಯ. ಏಳು ತಿಂಗಳು ಅವಳು ಆ ಒಂದು ವಾಕ್ಯ ತಿಂದು ಬದುಕಿದ್ದಳು.

"ಸಾರಂಗ ಯಾವ ಕಡೆ ನೋಡ್ತಿತ್ತು ಸರ್?"

"ಅಂದ್ರೆ?"

"ಅವನ ಕೈಲಿದ್ದ ಗುರಾಣಿಯಲ್ಲಿ."

ರಾಜಶೇಖರ್ ನಕ್ಕು ಗೋಡೆಯ ಕಡೆ ಕೈ ತೋರಿಸಿದರು. "ಎಲ್ಲಾ ಒಂದೇ ಥರ ಅಲ್ವೇನಮ್ಮಾ. ಇದೇ ಥರ."

"ಇದೇ ಥರಾನೇ? ಚೆನ್ನಾಗಿ ನೆನಪಿದೆಯಾ?"

"ಇದೇ ಥರ. ಕಣ್ಣಾರೆ ನೋಡಿದ್ದು."

ಅರ್ಜುಮಂದ್ ಚೀಲದಿಂದ ಫೋಟೋ ತೆಗೆದು ಅವರ ಮುಂದಿಟ್ಟಳು. ಜೊತೆಗೆ ಕಾಗದವನ್ನೂ. ಸುಟ್ಟುಹಾಕಿದ ಗುರಾಣಿಗಳ ಕತೆಯನ್ನು ನಾಲ್ಕೇ ಮಾತಿನಲ್ಲಿ ಹೇಳಿದಳು. ಹೇಳುವಾಗ ದನಿ ಏರಲಿಲ್ಲ. ಏರಬಾರದೆಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದಳು.

ರಾಜಶೇಖರ್ ಫೋಟೋ ನೋಡಿದರು, ಗೋಡೆ ನೋಡಿದರು, ಮತ್ತೆ ಫೋಟೋ ನೋಡಿದರು. ಕನ್ನಡಕ ತೆಗೆದು ಅದೇ ಒರೆಸುವ ಬಟ್ಟೆಯಿಂದ ಒರೆಸತೊಡಗಿದರು. ಅಡಿಗೆಮನೆಯಲ್ಲಿ ನಲ್ಲಿ ನಿಂತಿತು. ಅಷ್ಟು ಹೊತ್ತೂ ನೀರಿನ ಸದ್ದು ಇತ್ತೆಂಬುದು ನಿಂತಮೇಲೆ ತಿಳಿಯಿತು.

"ಬಡಗಿ ತಪ್ಪು ಮಾಡಿದ ಸರ್. ನೀವು ಮಾಡ್ಲಿಲ್ಲ."

"ಅರ್ಜು..."

"ನೀವು ಜರ್ಮನಿಗೆ ಹೋಗಿಲ್ಲ."

ಅರ್ಜುಮಂದ್ ಗೋಡೆಯ ಗುರಾಣಿಯನ್ನು ತೋರಿಸಿದಳು.

"ಇದನ್ನ ಯಾಕೆ ಮಾಡಿಸಿದ್ರಿ?"

"ನೀನು ಕೇಳಿದೆ," ಎಂದರು ರಾಜಶೇಖರ್. ಅವರ ದನಿ ಅವರದಾಗಿರಲಿಲ್ಲ. "ಮೊದಲನೇ ವಾರ. ಇದೇ ಸೋಫಾ ಮೇಲೆ ಕೂತು, ‘ಅಲ್ಲಿಂದ ಏನಾದ್ರೂ ತಂದ್ರಾ ಸರ್, ಒಂದ್ಸಲ ನೋಡ್ತೀನಿ’ ಅಂತ ಕೇಳಿದೆ. ಆಮಂತ್ರಣದಲ್ಲಿ ಗುರಾಣಿ ಕೊಡ್ತೀವಿ ಅಂತಿತ್ತು. ಬ್ಯಾಗಿನಲ್ಲೇ ಇದೆ, ಹುಡುಕಿ ತೋರಿಸ್ತೀನಿ ಅಂದ್ಬಿಟ್ಟೆ. ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದೆ. ಮುಂದಿನ ಶನಿವಾರಕ್ಕೆ ಬಂತು. ನೀನು ಅದನ್ನ ಎದೆಗೆ ಒತ್ತಿ ಹಿಡ್ಕೊಂಡೆ. ಅದಾದ ಮೇಲೆ ನಾನು ಹೇಗಮ್ಮಾ ಹೇಳ್ಲಿ?"

ಅರ್ಜುಮಂದ್ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಕೇಳಬೇಕಾದ ಪ್ರಶ್ನೆಗಳು ಬೇರೆ ಇದ್ದವು, ಒಂದು ಡಜನ್ ಇದ್ದವು. ಬಾಯಿಗೆ ಬಂದದ್ದು ಒಂದೇ.

"‘ಮರಿಯಮ್‌ಗೆ ಆಗುತ್ತೆ’ ಅಂದಿದ್ದು?"

ರಾಜಶೇಖರ್ ಫೋಟೋವನ್ನು ಮಗುಚಿ ಇಟ್ಟರು.

"ಅದೂ ನೀವೇ?"

"ನಾನೇ."

ಹೊರಗೆ ಬಸ್ಸೊಂದು ನಿಂತು ಹೋಯಿತು. ಅವಳು ಅಳಲಿಲ್ಲ. ಅಳುವುದಕ್ಕೂ ಒಂದು ಜಾಗ ಬೇಕು. ಇದು ಆ ಜಾಗವಲ್ಲ.

"ಈಗ ನಿಜ ಹೇಳಿ ಸರ್. ಎಲ್ಲಿಗೆ ಹೋದ ನನ್ನ ಗಂಡ?"

"ಓರೆಬ್ರೂನಲ್ಲಿ ಇಳಿದ್ಬಿಟ್ಟ."

"ಓರೆಬ್ರೂ?" ಅವಳಿಗೆ ನಗು ಬರುವಂತಾಯಿತು. ಅದು ಪಕ್ಕದ ಊರು.

"ರೈಲಿನಲ್ಲಿ ಹೇಳಿದ. ‘ಸರ್, ನಾನು ಜರ್ಮನಿಗೆ ಬರ್ತಾ ಇಲ್ಲ. ಮೂರು ದಿನ ನಂಗೆ ಕೊಡಿ. ಅರ್ಜು ಕೇಳಿದ್ರೆ ಜೊತೇಲಿದಾನೆ ಅನ್ನಿ. ಅವಳಿಗೆ ನಾನೇ ಹೇಳ್ಬೇಕು, ಹೇಳೋ ಮುಂಚೆ ನಂಗೇ ಖಾತ್ರಿ ಆಗ್ಬೇಕು’ ಅಂದ. ಫೋನು ಬೇಕಂತ್ಲೇ ಮನೇಲಿ ಬಿಟ್ಟು ಬಂದಿದ್ದ. ನಾನು ಶೋವ್ಡೆಗೆ ಹೋಗಿ ನನ್ನ ಸ್ನೇಹಿತ ಧೀರಜ್ ಮನೇಲಿ ಮೂರು ದಿನ ಇದ್ದೆ. ಅಲ್ಲಿಂದಲೇ ನಿಂಗೆ ಫೋನ್ ಮಾಡಿ, ಜರ್ಮನಿ ತಲುಪಿದ್ವಿ ಅಂದೆ. ನಾಲ್ಕನೇ ದಿನ ಅವನು ಬರ್ಲಿಲ್ಲ. ಪೊಲೀಸರು ಬಂದ್ರು. ಒಂದು ಸುಳ್ಳು ಆಗ್ಲೇ ಹೇಳಿ ಆಗಿತ್ತು. ನನ್ನ ಪೌರತ್ವದ ಅರ್ಜಿ ಎರಡು ವರ್ಷದಿಂದ ಸರ್ಕಾರದ ಹತ್ರ ಕೂತಿದೆ. ಹೆದರ್ಕೊಂಡೆ ಕಣಮ್ಮಾ."

"ನೀವು ಹೆದರ್ಕೊಂಡ್ರಿ. ನಾನು ಜರ್ಮನಿಯ ನದಿ ನೋಡ್ತಾ ಕೂತೆ."

ಅವರು ಕೈ ಮುಗಿಯಲು ಹೋದರು. ಅವಳು ನೋಡದ ಹಾಗೆ ಮುಖ ತಿರುಗಿಸಿದಳು.

"ಓರೆಬ್ರೂನಲ್ಲಿ ಯಾರಿದ್ರು?"

"ಪ್ಲಾಟ್‌ಫಾರ್ಮ್ ಮೇಲೆ ಒಬ್ಬರು ಹೆಂಗಸು ಕಾಯ್ತಿದ್ರು."

ಕಾಣದ ಹೆಂಗಸು. ಹಾಗಾದರೆ ಇದ್ದಳು. ಅರ್ಜುಮಂದ್ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಎಷ್ಟು ವಯಸ್ಸು?"

"ನೀನು ಅಂದ್ಕೊಂಡಿರೋದಲ್ಲ. ಅರವತ್ತರ ಹತ್ರ ಹತ್ರ. ತಲೆ ಮೇಲೆ ದುಪಟ್ಟಾ. ಇವನು ಇಳಿದಿದ್ದೇ ಓಡಿ ಬಂದು ತಬ್ಬಿಕೊಂಡ್ರು. ಇವನು ‘ಅಮ್ಮಿ’ ಅಂದ. ಕಿಟಕಿಯಿಂದ ನಂಗೆ ಕೇಳಿಸ್ತು."

"ದೊಡ್ಡವರನ್ನ ಯಾರನ್ನಾದ್ರೂ ಹಾಗೆ ಕರೀತೀವಿ ಸರ್."

"ಇಲ್ಲಮ್ಮಾ." ರಾಜಶೇಖರ್ ಮೊದಲ ಸಲ ಅವಳನ್ನು ನೇರವಾಗಿ ನೋಡಿದರು. "ಅದೇ ಮುಖ. ಶೋಯೆಬ್‌ನ ಮೂಗು, ಹುಬ್ಬು, ಆ ಗಲ್ಲದ ಗುಳಿ. ನೋಡಿದೋರು ಯಾರಾದ್ರೂ ತಾಯಿ ಮಗ ಅಂತಾನೇ ಹೇಳ್ತಾರೆ."

ಶೋಯೆಬ್‌ನ ಅಮ್ಮಿ ದಾವಣಗೆರೆಯಲ್ಲಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕೊನೆಯ ಸ್ನಾನ ಮಾಡಿಸಿದ ಮೂವರು ಹೆಂಗಸರಲ್ಲಿ ಅರ್ಜುಮಂದ್ ಒಬ್ಬಳು. ನೀರು ಹೊಯ್ದದ್ದು ಈ ಕೈಗಳೇ, ಕರ್ಪೂರ ಸವರಿ ಬಿಳಿಯ ಬಟ್ಟೆ ಹೊದಿಸಿದ್ದು ಈ ಕೈಗಳೇ. ಆ ಮುಖದಲ್ಲಿ ಗುಳಿ ಇರಲಿಲ್ಲ. ಮಗ ಯಾರ ಹಾಗೆ ಎಂದು ಯಾರಾದರೂ ಕೇಳಿದರೆ ಆ ಅಮ್ಮಿ ಮಾತು ಬದಲಿಸುತ್ತಿದ್ದದ್ದು ಅವಳಿಗೆ ಆಗ ವಿಚಿತ್ರವೆನಿಸಿರಲಿಲ್ಲ.

"ಅವರು ಇಲ್ಲಿಗೆ ಬಂದಿದ್ರು."

ಅಡಿಗೆಮನೆಯ ಬಾಗಿಲಲ್ಲಿ ಶಾರದಕ್ಕ ನಿಂತಿದ್ದರು. ಒದ್ದೆ ಕೈಯನ್ನು ಒರೆಸಿಕೊಂಡಿರಲಿಲ್ಲ.

ರಾಜಶೇಖರ್ ಎದ್ದುಬಿಟ್ಟರು. "ಯಾರು ಬಂದಿದ್ರು? ಯಾವಾಗ?"

"ನೀವು ಕೂತ್ಕೊಳಿ." ಶಾರದಕ್ಕ ಗಂಡನ ಕಡೆ ತಿರುಗಲೂ ಇಲ್ಲ. "ಹೋದ ತಿಂಗಳು. ಇವರು ಆಫೀಸ್‌ನಲ್ಲಿದ್ರು. ಕನ್ನಡದಲ್ಲೇ ಮಾತಾಡಿದ್ರು, ನಮ್ಮ ಕಡೆಯೋರೇ. ಇವರ ಹೆಸರು ಶೋಯೆಬ್ ಹೇಳಿದ್ದನಂತೆ, ಹುಡುಕ್ಕೊಂಡು ಬಂದಿದ್ರು. ಅವತ್ತೇ ನಂಗೂ ಗೊತ್ತಾಗಿದ್ದು, ಇವರು ಜರ್ಮನಿಗೆ ಹೋಗಿಲ್ಲ ಅಂತ. ನಿಂಗೆ ಹೇಳಿದ್ರೆ ಇವರನ್ನ ಪೊಲೀಸರು ಕರ್ಕೊಂಡ್ ಹೋಗ್ತಾರೆ ಅಂತ ಬಾಯಿ ಮುಚ್ಕೊಂಡೆ. ಬದಲಿಗೆ ನಿಂಗೆ ಪಾಯಸ ಕಟ್ಟಿಕೊಟ್ಟೆ. ನನ್ನ ಬಾಯಿಗೆ ಮಣ್ಣು ಹಾಕ."

"ಅಕ್ಕ, ಅವನು ಅವರ ಹತ್ರ ಇದಾನಾ?"

ಎಷ್ಟು ಮೆಲ್ಲಗೆ ಕೇಳಿದಳೆಂದರೆ, ಆ ಪ್ರಶ್ನೆಯಲ್ಲಿ ಸಿಟ್ಟಿನ ಒಂದು ತುಣುಕೂ ಉಳಿದಿರಲಿಲ್ಲ. ಇದಾನೆ ಎಂದರೆ ಸಾಕು. ಯಾಕೆ ಬಿಟ್ಟುಹೋದ ಎಂದು ಕೂಡ ಕೇಳುವುದಿಲ್ಲ.

ಶಾರದಕ್ಕ ಇಲ್ಲವೆಂದು ತಲೆ ಅಲ್ಲಾಡಿಸಿದರು.

"ಎರಡೇ ದಿನ ಇದ್ದನಂತೆ. ಮೂರನೇ ದಿನ ಬೆಳಿಗ್ಗೆ ತಿಂಡಿ ತಿಂದು, ‘ಅರ್ಜುಗೆ ಎಲ್ಲಾ ಹೇಳ್ತೀನಿ ಅಮ್ಮಿ, ಅವಳನ್ನೂ ಮಗೂನೂ ಕರ್ಕೊಂಡೇ ಬರ್ತೀನಿ’ ಅಂತ ಹೊರಟನಂತೆ. ಅವರೇ ಸ್ಟೇಷನ್‌ಗೆ ಬಂದು ವೆಸ್ಟೆರಾಸ್ ರೈಲು ಹತ್ತಿಸಿದ್ರಂತೆ. ಕೈ ಬೀಸಿದನಂತೆ. ಆಮೇಲೆ ಒಂದು ಫೋನೂ ಇಲ್ಲ." ಅವರು ಅರ್ಜುಮಂದಳ ಹತ್ತಿರ ಬಂದರು. "ಆಯಮ್ಮ ಅಳ್ತಾ ನನ್ನ ಕೇಳಿದ್ದು ಒಂದೇ ಮಾತು ಅರ್ಜು. ‘ನನ್ನ ಸೊಸೆಗೆ ನಾನೇನು ಮಾಡಿದೆ? ಮಗನ್ನ ಯಾಕೆ ನನ್ನ ಹತ್ರ ಕಳಿಸ್ತಾ ಇಲ್ಲ?’"

ಓರೆಬ್ರೂನಿಂದ ವೆಸ್ಟೆರಾಸ್‌ಗೆ ರೈಲಿನಲ್ಲಿ ಒಂದು ಗಂಟೆ. ನಡುವೆ ಬೆರಳಲ್ಲಿ ಎಣಿಸುವಷ್ಟು ನಿಲ್ದಾಣಗಳು. ಅಷ್ಟರೊಳಗೆ ಎಲ್ಲೋ ಶೋಯೆಬ್ ಕಾಣೆಯಾಗಿದ್ದ, ಮನೆಗೆ ಬರುತ್ತಿದ್ದಾಗ.